ತೋಟದ ಲೆಕ್ಕದ ಜೊತೆಗೆ ಉಪ್ಪಿನ ಲೆಕ್ಕವನ್ನೂ ಇಡೋಣ

ಪ್ರತಿ ಸಂಚಿಕೆಯ ಈ ಪುಟದಲ್ಲಿ ಧಾರಣೆ, ಔಷಧಿ ಸಿಂಪರಣೆ, ಗೊಬ್ಬರದ ದಾಸ್ತಾನು, ಸಾಲದ ಕಂತು ಮುಂತಾದ ವಿಚಾರಗಳನ್ನು ಪ್ರಸ್ತಾಪಿಸುವುದು ನಮ್ಮ ವಾಡಿಕೆ. ಈ ಸಲ ಆ ವಾಡಿಕೆಯನ್ನು ಬದಿಗಿಟ್ಟು, ಸದಸ್ಯ ಬಾಂಧವರ ಊಟದ ಎಲೆಯ ಕಡೆಗೆ ಕಣ್ಣು ಹಾಯಿಸಿದ್ದೇವೆ. "ಸಂಘಕ್ಕೂ ನಮ್ಮ ಊಟಕ್ಕೂ ಎತ್ತಣ ಸಂಬಂಧ?" ಎಂದು ಕೆಲವರು ಕೇಳಬಹುದು. ಸಂಬಂಧ ಇದೆಯೆಂಬುದೇ ನಮ್ಮ ಅಭಿಪ್ರಾಯ. ಅದರ ಕಾರಣವನ್ನು ಮೊದಲು ಹೇಳಿಬಿಡುತ್ತೇವೆ.

ಕಳೆದ ಕೊಯ್ಲಿನ ಕಾಲದಲ್ಲಿ ನಮ್ಮ ಸದಸ್ಯರೊಬ್ಬರು ಅಂಗಳದಲ್ಲಿ ಅಡಿಕೆ ಹರವುತ್ತಿದ್ದವರು ಹಾಗೆಯೇ ಕುಸಿದು ಕುಳಿತರು. ಮಾತು ತೊದಲಿತು, ಬಲಗೈ ಏಳಲಿಲ್ಲ. ಐವತ್ತೆರಡರ ವಯಸ್ಸು. ಮೂರು ಎಕರೆ ಅಡಿಕೆ, ಒಂದಿಷ್ಟು ಕಾಫಿ, ಕಾಳುಮೆಣಸು. ಎರಡು ವರ್ಷದ ಹಿಂದೆಯೇ ವೈದ್ಯರು ರಕ್ತದೊತ್ತಡವಿದೆ ಎಂದು ಹೇಳಿ ಮಾತ್ರೆ ಬರೆದುಕೊಟ್ಟಿದ್ದರು. ನಾಲ್ಕು ತಿಂಗಳು ನುಂಗಿದ ಮೇಲೆ, "ಏನೂ ತೊಂದರೆ ಕಾಣುವುದಿಲ್ಲವಲ್ಲ" ಎಂದು ಅವರೇ ನಿಲ್ಲಿಸಿದ್ದರು. ಈಗ ಕೋಲು ಹಿಡಿದು ಜಗಲಿಯವರೆಗೆ ನಡೆಯುತ್ತಾರೆ. ತೋಟವನ್ನು ಗೇಣಿಗೆ ಕೊಡಬೇಕೇ, ಪಟ್ಟಣದಲ್ಲಿರುವ ಮಗ ಕೆಲಸ ಬಿಟ್ಟು ಬರಬೇಕೇ ಎಂಬ ಚರ್ಚೆ ಆ ಮನೆಯಲ್ಲಿ ನಡೆದಿದೆ. ಎಲೆಚುಕ್ಕೆ ರೋಗದಿಂದ ಒಂದು ವರ್ಷದ ಫಸಲು ಹೋದರೆ ಮುಂದಿನ ವರ್ಷದ ಆಸೆಯಾದರೂ ಇರುತ್ತದೆ. ತೋಟ ನೋಡುವವನೇ ಮಲಗಿದರೆ ಸಂಘ ಕೊಡುವ ಯಾವ ಸಾಲವೂ ಅದನ್ನು ತುಂಬಿಕೊಡಲಾರದು. ಆದಕಾರಣ ಈ ವಿಷಯ ಸಂಘದ ಕಾರ್ಯಕಲಾಪಕ್ಕೆ ಸೇರಿದ್ದೇ ಎಂದು ನಾವು ಭಾವಿಸುತ್ತೇವೆ.

ಪಂಪಿನ ಒತ್ತಡ, ಮೈಯ ಒತ್ತಡ

ಬೋರ್ಡೋ ಸಿಂಪಡಿಸುವ ಪಂಪನ್ನು ಬಲ್ಲ ನಮಗೆ ಒತ್ತಡವೆಂದರೇನು ಎಂದು ವಿವರಿಸಬೇಕಾಗಿಲ್ಲ. ಒತ್ತಡ ಬೇಕು, ಇಲ್ಲದಿದ್ದರೆ ಔಷಧಿ ಕೊನೆಯವರೆಗೆ ಏರುವುದಿಲ್ಲ. ಆದರೆ ಮುಳ್ಳು ಮಿತಿ ದಾಟಿದರೆ ಪೈಪು ಆ ದಿನವೇ ಒಡೆಯುತ್ತದೆಯೇ? ಇಲ್ಲ. ಮೊದಲು ಜೋಡಣೆಗಳು ಸಡಿಲವಾಗುತ್ತವೆ, ವಾಷರು ಸವೆಯುತ್ತದೆ, ಪಂಪು ತೇಕುತ್ತದೆ. ಒಂದು ದಿನ ಎಲ್ಲಿ ಪೈಪು ತೆಳ್ಳಗಾಗಿದೆಯೋ ಅಲ್ಲಿ ಸಿಡಿಯುತ್ತದೆ. ಮೈಯಲ್ಲಿ ನಡೆಯುವುದೂ ಇದೇ. ಹೃದಯ ತೇಕುತ್ತದೆ, ಮೂತ್ರಪಿಂಡದ ಸಣ್ಣ ನಾಳಗಳು ಕೆಡುತ್ತವೆ, ಕಣ್ಣಿನ ಹಿಂಭಾಗದ ನಾಳಗಳು ಹಾಳಾಗುತ್ತವೆ. ಮಿದುಳಿನ ನಾಳ ಒಡೆದರೆ ಅಥವಾ ಕಟ್ಟಿಕೊಂಡರೆ ಲಕ್ವ. ಪಂಪಿಗಾದರೋ ಮುಳ್ಳು ಕಣ್ಣೆದುರಿಗೇ ಇದೆ. ಮೈಗೆ ಅಂಥ ಮುಳ್ಳಿಲ್ಲ. ಅಳೆಯದೆ ಗೊತ್ತಾಗುವುದೇ ಇಲ್ಲ. ತಲೆ ಸುತ್ತಿದರೆ ಮಾತ್ರ ಬಿ.ಪಿ. ಎಂದು ತಿಳಿದವರು ಬಹಳ ಮಂದಿ. ಹೆಚ್ಚಿನವರಲ್ಲಿ ಅದು ಯಾವ ಲಕ್ಷಣವನ್ನೂ ತೋರಿಸದೆ ವರ್ಷಗಟ್ಟಲೆ ಇರುತ್ತದೆ.

ಮೇಲಿನ ಅಂಕಿ 120ರ ಒಳಗೆ, ಕೆಳಗಿನದು 80ರ ಒಳಗೆ ಇದ್ದರೆ ಒಳ್ಳೆಯದು. ಬೇರೆಬೇರೆ ದಿನ ಅಳೆದಾಗಲೂ 140 ಅಥವಾ ಅದಕ್ಕಿಂತ ಮೇಲೆ, ಇಲ್ಲವೇ ಕೆಳಗಿನದು 90 ಅಥವಾ ಅದಕ್ಕಿಂತ ಮೇಲೆ ಕಂಡರೆ ಅದನ್ನು ಅಧಿಕ ರಕ್ತದೊತ್ತಡವೆಂದು ವೈದ್ಯರು ಪರಿಗಣಿಸುತ್ತಾರೆ. ಅಳೆಸುವಾಗ ಐದು ನಿಮಿಷ ಸುಮ್ಮನೆ ಕುಳಿತಿರಬೇಕು, ತೋಳು ಎದೆಯ ಮಟ್ಟದಲ್ಲಿರಬೇಕು, ಅದಕ್ಕೆ ಮುಂಚಿನ ಅರ್ಧ ಗಂಟೆ ಕಾಫಿ, ಕವಳ, ಬೀಡಿ ಕೂಡದು. ಬಸ್ಸಿಳಿದು ದಾಪುಗಾಲಿಕ್ಕಿ ಬಂದವನ ತೋಳಿಗೆ ಪಟ್ಟಿ ಕಟ್ಟಿದರೆ ಬರುವ ಅಂಕಿ ನಂಬಲರ್ಹವಲ್ಲ.

ಉಪ್ಪು ತಿಂದವನು ನೀರು ಕುಡಿಯಲೇಬೇಕು

ಈ ಗಾದೆಯನ್ನು ನಾವು ತಪ್ಪು ಮಾಡಿದವನ ಕುರಿತು ಹೇಳುತ್ತೇವೆ. ಆದರೆ ರಕ್ತದೊತ್ತಡದ ಗುಟ್ಟಿನ ದೊಡ್ಡ ಭಾಗ ಇದರಲ್ಲೇ ಅಡಗಿದೆ. ಉಪ್ಪಿನಲ್ಲಿರುವ ಸೋಡಿಯಂ ನೀರನ್ನು ಹಿಡಿದಿಡುತ್ತದೆ. ಹೆಚ್ಚು ಉಪ್ಪು ತಿಂದರೆ ಮೈ ಹೆಚ್ಚು ನೀರನ್ನು ಉಳಿಸಿಕೊಳ್ಳುತ್ತದೆ, ನಾಳಗಳಲ್ಲಿ ಹರಿಯುವ ದ್ರವದ ಪ್ರಮಾಣ ಏರುತ್ತದೆ, ಗೋಡೆಗಳ ಮೇಲೆ ಒತ್ತಡ ಬೀಳುತ್ತದೆ. ಹೆಚ್ಚುವರಿ ಉಪ್ಪನ್ನು ಹೊರಹಾಕುವ ಕೆಲಸ ಮೂತ್ರಪಿಂಡಗಳದ್ದು. ವಯಸ್ಸಾದಂತೆ ಅವುಗಳ ಶಕ್ತಿ ಕುಗ್ಗುತ್ತದೆ. ಇಪ್ಪತ್ತೈದರಲ್ಲಿ ದಕ್ಕಿದ ಉಪ್ಪು ಐವತ್ತರಲ್ಲಿ ದಕ್ಕುವುದಿಲ್ಲ.

ಇದು ಬರಿಯ ಊಹೆಯಲ್ಲ. 1988ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 32 ದೇಶಗಳ 52 ಕೇಂದ್ರಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರ ಮೂತ್ರದಲ್ಲಿರುವ ಸೋಡಿಯಂ ಮತ್ತು ಅವರ ರಕ್ತದೊತ್ತಡವನ್ನು ಅಳೆದರು. ಬ್ರೆಜಿಲಿನ ಕಾಡಿನಲ್ಲಿರುವ ಯಾನೊಮಾಮಿ ಜನ ಉಪ್ಪನ್ನೇ ಬಳಸುವುದಿಲ್ಲವೆನ್ನಬಹುದು. ಅವರಲ್ಲಿ ವಯಸ್ಸು ಏರಿದಂತೆ ರಕ್ತದೊತ್ತಡ ಏರುತ್ತಿರಲಿಲ್ಲ. "ವಯಸ್ಸಾದ ಮೇಲೆ ಬಿ.ಪಿ. ಬರುವುದು ಸಹಜ" ಎಂದು ನಾವು ಕೈಚೆಲ್ಲುವುದು ಎಷ್ಟು ಸರಿ ಎಂದು ಇದರಿಂದ ಯೋಚಿಸಬಹುದು.

ಅದಕ್ಕೂ ಹಿಂದಿನ ಒಂದು ಸಂಗತಿ ಅನ್ನ ಉಣ್ಣುವ ನಮಗೆ ಸ್ವಾರಸ್ಯದ್ದು. ರಕ್ತದೊತ್ತಡಕ್ಕೆ ಒಳ್ಳೆಯ ಮಾತ್ರೆಗಳೇ ಇಲ್ಲದಿದ್ದ ಕಾಲದಲ್ಲಿ, 1940ರ ದಶಕದಲ್ಲಿ, ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯ ವಾಲ್ಟರ್ ಕೆಂಪ್ನರ್ ತನ್ನ ರೋಗಿಗಳಿಗೆ ಉಪ್ಪಿಲ್ಲದ ಅನ್ನ, ಹಣ್ಣು, ಸಕ್ಕರೆ ಇಷ್ಟನ್ನೇ ಕೊಟ್ಟು ಹಲವರ ಒತ್ತಡವನ್ನು ಇಳಿಸಿ ತೋರಿಸಿದ. ಆ ಪಥ್ಯ ಬಹಳ ಕಠಿಣವಾದದ್ದು, ಇಂದು ಯಾರೂ ಅದನ್ನು ಮನೆಯಲ್ಲಿ ಮಾಡತಕ್ಕದ್ದಲ್ಲ. ನಾವು ಗಮನಿಸಬೇಕಾದದ್ದು ಇಷ್ಟೆ: ಮಲೆನಾಡಿನಲ್ಲಿ ನಾವು ಅನ್ನಕ್ಕೆ ಉಪ್ಪು ಹಾಕಿ ಬೇಯಿಸುವವರಲ್ಲ. ಬಿ.ಪಿ.ಯ ಮಟ್ಟಿಗೆ ಅನ್ನಕ್ಕಿಂತ ಹೆಚ್ಚಿನ ತಪ್ಪು ಅದರ ಪಕ್ಕದಲ್ಲಿ ಕುಳಿತಿರುವುದರದ್ದು.

ಒಂದು ಕಿಲೋ ಪೊಟ್ಟಣದ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಒಬ್ಬ ವಯಸ್ಕನಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು. ಅಂದರೆ ಒಂದು ಸಣ್ಣ ಚಮಚೆಯಷ್ಟು, ಎಲ್ಲ ಆಹಾರದಲ್ಲಿರುವುದೂ ಸೇರಿ. ನಮ್ಮ ದೇಶದಲ್ಲಿ ನಡೆದ ಸಮೀಕ್ಷೆಗಳ ಪ್ರಕಾರ ನಾವು ತಿನ್ನುವುದು ಸರಾಸರಿ 8ರಿಂದ 11 ಗ್ರಾಂ. ಇಮ್ಮಡಿಯ ಲೆಕ್ಕ.

"ಗ್ರಾಮಿನ ಲೆಕ್ಕ ಅಡುಗೆಮನೆಯಲ್ಲಿ ಯಾರು ಹಾಕುತ್ತಾರೆ?" ಎಂಬ ಪ್ರಶ್ನೆ ನ್ಯಾಯವಾದದ್ದು. ಕೈಯಳತೆಯಲ್ಲಿ ಉಪ್ಪು ಹಾಕುವವರಿಗೆ ತಕ್ಕಡಿ ಕೊಡಲಾಗದು. ಆದರೆ ತಿಂಗಳ ಲೆಕ್ಕ ಹಾಕಬಹುದು. ಇದು ನಮಗೆಲ್ಲ ರೂಢಿಯಿರುವ ಜಮಾಖರ್ಚೇ. ಉಪ್ಪಿನ ಒಂದು ಕಿಲೋ ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ನಾಲ್ಕು ಜನರ ಮನೆಗೆ, ತಲಾ 5 ಗ್ರಾಮಿನಂತೆ, ತಿಂಗಳಿಗೆ ಬೇಕಾಗುವುದು 600 ಗ್ರಾಂ. ಆ ಪೊಟ್ಟಣ ಐವತ್ತು ದಿನ ಬರಬೇಕು. ಇಪ್ಪತ್ತೈದೇ ದಿನಕ್ಕೆ ಮುಗಿದರೆ ಅಡುಗೆಮನೆಯ ಉಪ್ಪೇ ತಲಾ 10 ಗ್ರಾಂ ಆಯಿತು. ಆಳುಕಾಳಿನ ಊಟ, ನೆಂಟರಿಷ್ಟರು, ದನಕರುಗಳಿಗೆ ಹಾಕಿದ್ದು ಇವನ್ನೆಲ್ಲ ಕಳೆದು ನೋಡಿರಿ. ಉಪ್ಪಿನಕಾಯಿ, ಹಪ್ಪಳ, ಪೇಟೆಯ ತಿಂಡಿಗಳ ಮೂಲಕ ಬಂದ ಉಪ್ಪನ್ನು ಕೂಡಿಸಿ ನೋಡಿರಿ. ಪ್ರತಿ ಮನೆಯವರೂ ಒಂದು ಸಲ ಈ ಲೆಕ್ಕ ಹಾಕಿದರೆ ನಮ್ಮ ಈ ಲೇಖನದ ಮುಕ್ಕಾಲು ಪಾಲು ಕೆಲಸ ಆದಂತೆ.

ಒಂದೇ ದಿನದಲ್ಲಿ ಅರ್ಧಕ್ಕೆ ಇಳಿಸಹೋಗಬಾರದು. ಸಾರು ಸಪ್ಪೆಯಾಯಿತೆಂದು ಮನೆಯ ಯಜಮಾನ ಎಲೆ ಬಿಟ್ಟು ಏಳುತ್ತಾನೆ, ಮರುದಿನ ಹಳೆಯ ಅಳತೆಯೇ ಬರುತ್ತದೆ. ಪೊಟ್ಟಣ ಇಪ್ಪತ್ತೈದು ದಿನ ಬರುತ್ತಿದ್ದರೆ ಮುಂದಿನದು ಮೂವತ್ತು ದಿನ, ಅದರ ಮುಂದಿನದು ಮೂವತ್ತೈದು ದಿನ ಬರುವಂತೆ ನೋಡಿಕೊಂಡರೆ ಸಾಕು. ಕೆಲವು ವಾರಗಳಲ್ಲಿ ನಾಲಗೆ ಹೊಸ ಅಳತೆಗೆ ಒಗ್ಗುತ್ತದೆ. ಆಮೇಲೆ ಹಳೆಯ ಸಾರೇ ಉಪ್ಪುಪ್ಪೆನಿಸುತ್ತದೆ.

ಎಲ್ಲೆಲ್ಲಿ ಅಡಗಿದೆ?

ಮೊದಲನೆಯದಾಗಿ ಮಿಡಿ ಉಪ್ಪಿನಕಾಯಿ. ಅಪ್ಪೆಮಿಡಿಯ ಹೆಸರೆತ್ತಿದರೆ ನಮ್ಮ ಬಾಯಲ್ಲೂ ನೀರೂರುತ್ತದೆ, ಇದನ್ನು ಮುಚ್ಚಿಡುವುದಿಲ್ಲ. ಮಿಡಿ ವರ್ಷಗಟ್ಟಲೆ ಕೆಡದೆ ಉಳಿಯುವುದು ಉಪ್ಪಿನಿಂದಲೇ. ಉಪ್ಪು ಕಡಿಮೆ ಮಾಡಿದರೆ ಜಾಡಿಯೇ ಕೆಡುತ್ತದೆ. ಆದ್ದರಿಂದ ಉಪ್ಪಿನಕಾಯಿಯಲ್ಲಿ ಉಪ್ಪು ಕಡಿಮೆ ಮಾಡಿ ಎಂದು ನಾವು ಹೇಳುವುದಿಲ್ಲ. ಎಲೆಯಲ್ಲಿ ಉಪ್ಪಿನಕಾಯಿ ಕಡಿಮೆ ಮಾಡಿ ಎನ್ನುತ್ತೇವೆ. ದಿನಕ್ಕೆ ಮೂರು ಹೊತ್ತು ಒಂದೊಂದು ಮಿಡಿ ಎನ್ನುವವರು ವಾರಕ್ಕೆರಡು ಸಲವೆಂದು ಮಾಡಿಕೊಳ್ಳಲಿ. ಬಿ.ಪಿ. ಇದ್ದವರು ಹಬ್ಬದ ದಿನಕ್ಕೆ ಮೀಸಲಿಡಲಿ.

ಎರಡನೆಯದು ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಒಣಮೀನು. ಮಳೆಗಾಲದಲ್ಲಿ ತರಕಾರಿ ಸಿಕ್ಕದಿದ್ದ ಕಾಲಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉಪಾಯಗಳು ಇವು. ಸೊಳೆಯನ್ನೂ ಒಣಮೀನನ್ನೂ ನೆನೆಹಾಕಿ ಎರಡು ಮೂರು ನೀರು ಚೆಲ್ಲಿ ಬಳಸಿದರೆ ಉಪ್ಪಿನ ಒಂದು ಪಾಲು ಹೋಗುತ್ತದೆ.

ಮೂರನೆಯದು ಪೇಟೆಯದು. ಮಿಕ್ಸ್ಚರು, ಚಿಪ್ಸು, ಬೇಕರಿಯ ಬನ್ನು ಬಿಸ್ಕೀಟು, ದಿಢೀರ್ ನೂಡಲ್ಸು, ಸಂಜೆಯ ಉಪ್ಪು ಸೋಡಾ. ಬ್ರೆಡ್ಡು ಬಿಸ್ಕೀಟುಗಳು ನಾಲಗೆಗೆ ಉಪ್ಪೆನಿಸುವುದೇ ಇಲ್ಲ, ಆದರೂ ಅವುಗಳಲ್ಲಿ ಉಪ್ಪಿದೆ. ಅಡಿಗೆ ಸೋಡದಲ್ಲೂ ಇರುವುದು ಸೋಡಿಯಮ್ಮೇ. ಪೇಟೆಗೆ ಹೋದಾಗಲೆಲ್ಲ ಮಕ್ಕಳಿಗೆಂದು ನಾಲ್ಕು ಪೊಟ್ಟಣ ಕೊಂಡು ಬರುವ ಅಭ್ಯಾಸ ನಮ್ಮೆಲ್ಲರಲ್ಲೂ ಇದೆ.

"ಹಾಗಾದರೆ ಸೈಂಧವ ಲವಣ ಬಳಸಬಹುದಲ್ಲ, ಹರಳುಪ್ಪು ಬಳಸಬಹುದಲ್ಲ" ಎನ್ನುವವರಿದ್ದಾರೆ. ಬಣ್ಣ ಯಾವುದಾದರೂ ಅವೂ ಮುಖ್ಯವಾಗಿ ಸೋಡಿಯಂ ಕ್ಲೋರೈಡೇ. ಒತ್ತಡದ ಮಟ್ಟಿಗೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಮೇಲಾಗಿ ಅಯೋಡಿನ್ ಬೆರೆಸದ ಉಪ್ಪಿಗೆ ಮರಳಿದರೆ ಗಳಗಂಡದ ಹಳೆಯ ಕಾಟಕ್ಕೆ ಬಾಗಿಲು ತೆರೆದಂತಾಗುತ್ತದೆ. ಅಯೋಡಿನ್ ಉಪ್ಪನ್ನೇ ಬಳಸಿ, ಕಡಿಮೆ ಬಳಸಿ.

ಮತ್ತೆ ಕೆಲವರು, "ತೋಟದಲ್ಲಿ ಬೆವರು ಸುರಿಸುವವರು ನಾವು, ಉಪ್ಪು ಬೇಡವೇ?" ಎನ್ನುತ್ತಾರೆ. ಬೆವರಿನಲ್ಲಿ ಉಪ್ಪು ಹೋಗುವುದು ನಿಜ. ಆದರೆ ಸಾಮಾನ್ಯ ಊಟದಲ್ಲಿ ದೊರೆಯುವ ಉಪ್ಪು ಅದನ್ನು ತುಂಬಿಕೊಡುತ್ತದೆ. ಮೈಗೆ ನಿಜವಾಗಿ ಬೇಕಾದದ್ದು ನಾವು ತಿನ್ನುವುದರ ಒಂದು ಸಣ್ಣ ಪಾಲು ಮಾತ್ರ. ಬಿಸಿಲಿನ ಕೆಲಸದಲ್ಲಿ ಮೊದಲು ಬೇಕಾದದ್ದು ನೀರು.

ನಮ್ಮ ತೋಟದಲ್ಲೇ ಇರುವ ಪೊಟ್ಯಾಷ್

ಉಪ್ಪು ಕಡಿಮೆ ಮಾಡುವುದು ಅರ್ಧ ಕೆಲಸ. ಇನ್ನರ್ಧ ಪೊಟ್ಯಾಸಿಯಂ ಹೆಚ್ಚಿಸುವುದು. ಅಡಿಕೆಗೂ ಕಾಫಿಗೂ ಪೊಟ್ಯಾಷ್ ಏಕೆ ಬೇಕೆಂದು ಬಲ್ಲ ಬೆಳೆಗಾರರಿಗೆ ಈ ಹೆಸರು ಹೊಸದಲ್ಲ. ಮನುಷ್ಯನ ಮೈಯಲ್ಲಿ ಪೊಟ್ಯಾಸಿಯಂ ಸೋಡಿಯಮ್ಮನ್ನು ಮೂತ್ರದ ಮೂಲಕ ಹೊರಗಟ್ಟಲು ಸಹಾಯಕ, ನಾಳಗಳ ಬಿಗಿಯನ್ನೂ ಸಡಿಲಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ ಕನಿಷ್ಠ ಮೂರೂವರೆ ಗ್ರಾಂ ಪೊಟ್ಯಾಸಿಯಂ ಆಹಾರದಿಂದ ದೊರೆಯಬೇಕೆನ್ನುತ್ತದೆ. ಅದು ಇರುವುದು ಬಾಳೆಹಣ್ಣು, ಬಾಳೆದಿಂಡು, ಎಳನೀರು, ಹರಿವೆ, ಬಸಳೆ, ನುಗ್ಗೆಸೊಪ್ಪು, ಗೆಣಸು, ಹೆಸರುಕಾಳು, ಹುರುಳಿಗಳಲ್ಲಿ. ಅಡಿಕೆಯ ನಡುವೆ ಬಾಳೆ, ಬೇಲಿಗೆ ನುಗ್ಗೆ, ಬಚ್ಚಲು ನೀರಿಗೆ ಬಸಳೆ ಬೆಳೆಯುವ ನಾವು ಇದಕ್ಕಾಗಿ ಅಂಗಡಿಗೆ ಹೋಗಬೇಕಾಗಿಲ್ಲ. ಆದರೆ ಇಂದು ನಡೆಯುತ್ತಿರುವುದೇನು? ಬಾಳೆಗೊನೆಯನ್ನು ಮಾರಿ ಅದೇ ಹಣದಲ್ಲಿ ಮಿಕ್ಸ್ಚರು ತರುತ್ತಿದ್ದೇವೆ. ಮಣ್ಣು ಪರೀಕ್ಷೆ ಮಾಡಿಸಿ ಗಿಡಕ್ಕೆ ಪೊಟ್ಯಾಷ್ ಕೊಡುವ ಬೆಳೆಗಾರ ತನ್ನ ತಟ್ಟೆಯಲ್ಲಿ ಅದರ ಕೊರತೆಯಿರುವುದನ್ನು ಕಾಣದೆ ಹೋಗಿದ್ದಾನೆ.

1997ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 'ಡ್ಯಾಶ್' ಎಂಬ ಪ್ರಯೋಗದಲ್ಲಿ 459 ಜನರಿಗೆ ಹಲವು ವಾರ ಅಳೆದು ಊಟ ಕೊಟ್ಟರು. ಉಪ್ಪಿನ ಅಳತೆಯನ್ನು ಬದಲಿಸದೆ ಹಣ್ಣು, ತರಕಾರಿ, ಕೆನೆ ತೆಗೆದ ಹಾಲುಮೊಸರು ಹೆಚ್ಚಿಸಿ, ಕೊಬ್ಬು ಕಡಿಮೆ ಮಾಡಿದ್ದಕ್ಕೇ, ಅಧಿಕ ಒತ್ತಡವಿದ್ದವರಲ್ಲಿ ಮೇಲಿನ ಅಂಕಿ ಸುಮಾರು 11ರಷ್ಟು ಇಳಿಯಿತು. 2001ರ ಎರಡನೆಯ ಪ್ರಯೋಗದಲ್ಲಿ ಉಪ್ಪನ್ನೂ ಇಳಿಸಿ ನೋಡಿದಾಗ, ಉಪ್ಪು ಇಳಿದಷ್ಟೂ ಒತ್ತಡ ಇಳಿಯುವುದು ಕಂಡುಬಂತು. ಒಂದು ಮಾತ್ರೆಯಿಂದ ಸಾಮಾನ್ಯವಾಗಿ ದೊರೆಯುವ ಪ್ರಯೋಜನಕ್ಕೆ ಇದು ಸಮನಾದದ್ದು. ಅವರ ಊಟದ ಪಟ್ಟಿಯನ್ನು ನಾವು ನಕಲು ಮಾಡಬೇಕಾಗಿಲ್ಲ. ಒಂದೆಲಗದ ತಂಬುಳಿ, ತೆಳು ಮಜ್ಜಿಗೆ, ಹೆಸರುಕಾಳಿನ ಉಸಲಿ, ಬಾಳೆದಿಂಡಿನ ಪಲ್ಯ, ಊಟದ ಕೊನೆಗೊಂದು ಹಣ್ಣು. ನಮ್ಮ ಅಜ್ಜಿಯರ ಅಡುಗೆಯಿಂದ ಉಪ್ಪನ್ನು ಅರ್ಧ ಕಳೆದು ಸೊಪ್ಪನ್ನು ಇಮ್ಮಡಿ ಮಾಡಿದರೆ ನಾವೂ ಅದೇ ದಾರಿಗೆ ಬಂದಂತೆ.

ಉಪ್ಪು ಇಳಿದಾಗ ರುಚಿ ತುಂಬುವುದಕ್ಕೆ ಹುಳಿ ಮತ್ತು ಖಾರ ಇವೆ. ನಿಂಬೆ, ವಾಟೆಹುಳಿ, ಮುರುಗಲು, ಕೊಡಗಿನವರ ಕಾಚಂಪುಳಿ, ಶುಂಠಿ, ಬೆಳ್ಳುಳ್ಳಿ, ಕೊನೆಗೆ ನಮ್ಮದೇ ಬಳ್ಳಿಯ ಕಾಳುಮೆಣಸು. ಬೆಳೆದ ಮೆಣಸನ್ನೆಲ್ಲ ಚೀಲ ಕಟ್ಟಿ ಕಳಿಸುವ ಮೊದಲು ಮನೆಗೊಂದು ಸೇರು ತೆಗೆದಿಡುವುದು ನಷ್ಟದ ಬಾಬತ್ತಲ್ಲ.

ಸೋಡಿಯಮ್ಮಿನ ಒಂದು ಪಾಲಿನ ಬದಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಈಗ ಮಾರುಕಟ್ಟೆಯಲ್ಲಿದೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ಐದು ವರ್ಷದಷ್ಟು ಕಾಲ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ಉಪ್ಪು ಬಳಸಿದ ಹಳ್ಳಿಗಳಲ್ಲಿ ಲಕ್ವ ಶೇಕಡಾ 14ರಷ್ಟು ಕಡಿಮೆಯಾಗಿತ್ತು. ಅಲ್ಲಿಯವರೂ ನಮ್ಮಂತೆ ಮನೆಯ ಅಡುಗೆಯಲ್ಲೇ ಹೆಚ್ಚು ಉಪ್ಪು ತಿನ್ನುವವರು. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಸಲಹೆ ಮಾಡಿದೆ. ಆದರೆ ಒಂದು ಎಚ್ಚರಿಕೆ: ಮೂತ್ರಪಿಂಡದ ತೊಂದರೆ ಇದ್ದವರಿಗೆ, ಪೊಟ್ಯಾಸಿಯಮ್ಮನ್ನು ಮೈಯಲ್ಲಿ ಉಳಿಸುವ ಕೆಲವು ಮಾತ್ರೆ ನುಂಗುವವರಿಗೆ ಇದು ಅಪಾಯ. ಗರ್ಭಿಣಿಯರಿಗೂ ಮಕ್ಕಳಿಗೂ ಈ ಸಲಹೆ ಅನ್ವಯಿಸದು. ವೈದ್ಯರನ್ನು ಕೇಳದೆ ಬದಲಾಯಿಸಕೂಡದು. ಎಳನೀರು, ಬಾಳೆಹಣ್ಣುಗಳ ವಿಚಾರದಲ್ಲೂ ಮೂತ್ರಪಿಂಡದ ರೋಗಿಗಳು ವೈದ್ಯರ ಮಾತು ಕೇಳಬೇಕು. ತೋಟಕ್ಕೆ ಹಾಕುವ ಮ್ಯುರಿಯೇಟ್ ಆಫ್ ಪೊಟ್ಯಾಷ್ ಕೂಡ ಅದೇ ಹೆಸರಿನ ವಸ್ತುವಾದರೂ ಗೊಬ್ಬರ ಗೊಬ್ಬರವೇ. ಅದಕ್ಕೂ ಅಡುಗೆಮನೆಗೂ ಸಂಬಂಧವಿಲ್ಲವೆಂದು ಸ್ಪಷ್ಟವಾಗಿ ಹೇಳಿಡುತ್ತೇವೆ.

ನಾವು ಬೆಳೆಯುವುದರ ಬಗ್ಗೆ ಎರಡು ಮಾತು

ಕಾಫಿಯ ವಿಚಾರದಲ್ಲಿ ನಮಗೆ ಸಮಾಧಾನವಿದೆ. ರೂಢಿಯಿಲ್ಲದವನು ಕುಡಿದರೆ ಒತ್ತಡ ಕೆಲವು ಗಂಟೆ ಏರುವುದುಂಟು. ದಿನವೂ ಮಿತವಾಗಿ ಕುಡಿಯುವವರಲ್ಲಿ ಕಾಫಿಯಿಂದಲೇ ಬಿ.ಪಿ. ರೋಗ ಬರುತ್ತದೆಂದು ಅಧ್ಯಯನಗಳು ಹೇಳುವುದಿಲ್ಲ. ಎರಡು ಮೂರು ಲೋಟ ಸಾಕು, ಸಕ್ಕರೆ ಕಡಿಮೆಯಿರಲಿ. ಒತ್ತಡ ತೀರಾ ಹೆಚ್ಚಿರುವವರು ವೈದ್ಯರನ್ನು ಕೇಳಲಿ.

ಅಡಿಕೆಯ ವಿಚಾರ ಅಷ್ಟು ಸುಲಭವಲ್ಲ. ನಮ್ಮ ಅನ್ನವೇ ಅದು. ಹಾಗೆಂದು ಸದಸ್ಯರ ಆರೋಗ್ಯದ ಬಗ್ಗೆ ಬರೆಯುವಾಗ ಅದೊಂದನ್ನು ಬಿಟ್ಟು ಬರೆದರೆ ನಾವು ಪ್ರಾಮಾಣಿಕರಾಗುವುದಿಲ್ಲ. ಕವಳ ಹಾಕಿದಾಗ ಎದೆಬಡಿತ ಏರುವುದು ಹಾಕುವವರಿಗೆಲ್ಲ ಗೊತ್ತು. ಅದರೊಂದಿಗೆ ಹೊಗೆಸೊಪ್ಪು ಸೇರಿದರೆ ಒತ್ತಡ ಏರುತ್ತದೆ, ಹೃದಯಕ್ಕೂ ನಾಳಗಳಿಗೂ ಹಾನಿ ಖಂಡಿತ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ತನ್ನ ವರದಿಯಲ್ಲಿ ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಈ ತೀರ್ಮಾನವನ್ನು ಬೆಳೆಗಾರರ ಸಂಘಗಳು ಒಪ್ಪಿಲ್ಲ, ವಾದ ನಡೆದೇ ಇದೆ. ವಾದ ವೇದಿಕೆಯಲ್ಲಿ ನಡೆಯಲಿ. ಆದರೆ ನಮ್ಮ ಮನೆಯ ಜಗಲಿಯಲ್ಲಿ, ಬಿ.ಪಿ. ಇರುವ ಅಣ್ಣನೋ ಅಮ್ಮನೋ ದಿನಕ್ಕೆ ಹತ್ತು ಕವಳ ಹಾಕುತ್ತಿದ್ದರೆ, ಕಡಿಮೆ ಮಾಡಿ, ಹೊಗೆಸೊಪ್ಪನ್ನಂತೂ ಬಿಟ್ಟೇಬಿಡಿ ಎಂದು ಹೇಳುವುದು ಬೆಳೆಗೆ ಮಾಡುವ ದ್ರೋಹವಲ್ಲ. ಮದ್ಯವೂ ಒತ್ತಡ ಏರಿಸುವುದರಲ್ಲಿ ಹಿಂದೆ ಬಿದ್ದದ್ದಲ್ಲ ಎಂಬುದನ್ನು ಇಲ್ಲಿಯೇ ಸೇರಿಸಿ ಹೇಳುತ್ತೇವೆ.

ಬೇರು, ಮಾತ್ರೆ ಮತ್ತು ಪಥ್ಯ

ಸರ್ಪಗಂಧದ ಬೇರು ಬಿ.ಪಿ.ಗೆ ಮದ್ದೆಂದು ನಮ್ಮಲ್ಲಿ ಹೇಳುವುದುಂಟು. ಅದು ಸುಳ್ಳಲ್ಲ. ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ ಅವರು 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಈ ಬೇರಿನ ಗುಣವನ್ನು ಬರೆದ ಮೇಲೆ ಜಗತ್ತೇ ಇದರತ್ತ ತಿರುಗಿತು. ಇದರಿಂದ ತೆಗೆದ ರೆಸರ್ಪಿನ್ ಹಲವು ವರ್ಷ ಮುಖ್ಯ ಔಷಧವಾಗಿತ್ತು. ಆದರೆ ಮನಸ್ಸು ಕುಗ್ಗಿಸುವುದೇ ಮೊದಲಾದ ಅಡ್ಡಪರಿಣಾಮಗಳಿಂದಾಗಿ, ಮತ್ತು ಹೆಚ್ಚು ಸುರಕ್ಷಿತ ಮಾತ್ರೆಗಳು ಬಂದದ್ದರಿಂದ ಅದು ಹಿಂದೆ ಸರಿಯಿತು. ಬೇರು ತೇಯ್ದು ಕುಡಿಯುವವನಿಗೆ ಎಷ್ಟು ಮದ್ದು ಒಳಗೆ ಹೋಯಿತೆಂದು ತಿಳಿಯುವ ಬಗೆಯಿಲ್ಲ. ಅಳತೆಯಿಲ್ಲದೆ ಮೈಲುತುತ್ತ ಕದಡಿದರೆ ಏನಾಗುತ್ತದೆಂದು ನಮಗೆ ಗೊತ್ತಿದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಪಥ್ಯ ಮಾಡುತ್ತೇನೆಂದು ಮಾತ್ರೆ ಬಿಡಬಾರದು. ಮಾತ್ರೆ ನುಂಗುತ್ತೇನೆಂದು ಪಥ್ಯ ಬಿಡಬಾರದು. ಒತ್ತಡ ಸ್ವಲ್ಪವೇ ಏರಿದ ಕೆಲವರಿಗೆ ಊಟ ಬದಲಿಸಿ, ತೂಕ ಇಳಿಸಿದರೆ ಸಾಕಾಗಬಹುದು. ಒಂದು ಕಿಲೋ ತೂಕ ಇಳಿದರೆ ಒತ್ತಡವೂ ಸುಮಾರು ಒಂದು ಅಂಕಿ ಇಳಿಯುತ್ತದೆಂಬ ಲೆಕ್ಕವಿದೆ. ಉಳಿದವರಿಗೆ ಎರಡೂ ಬೇಕು. ಮಾತ್ರೆ ಕಡಿಮೆ ಮಾಡುವುದೋ ನಿಲ್ಲಿಸುವುದೋ ಎಂಬುದನ್ನು ತೀರ್ಮಾನಿಸಬೇಕಾದವರು ವೈದ್ಯರು. "ಒತ್ತಡ ಸರಿಯಾಗಿದೆ, ಇನ್ನೇಕೆ ಮಾತ್ರೆ?" ಎನ್ನುವುದು, ಬೋರ್ಡೋ ಹೊಡೆದದ್ದರಿಂದ ಕೊಳೆ ಬರಲಿಲ್ಲ, ಇನ್ನೇಕೆ ಬೋರ್ಡೋ ಎಂದ ಹಾಗೆ. ನಮ್ಮ ಆ ಸದಸ್ಯರ ವಿಷಯದಲ್ಲಿ ನಡೆದದ್ದು ಇದೇ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮೂವತ್ತು ದಾಟಿದವರ ಒತ್ತಡ ಅಳೆಯುವ, ಮಾತ್ರೆಯನ್ನು ಉಚಿತವಾಗಿ ಕೊಡುವ ಸರ್ಕಾರಿ ವ್ಯವಸ್ಥೆಯಿದೆ. ಅದನ್ನು ಕೇಳಿ ಪಡೆಯಲು ಸಂಕೋಚವೇಕೆ?

"ನಮ್ಮ ಅಜ್ಜ ಇದೇ ಉಪ್ಪು ತಿಂದು ತೊಂಬತ್ತು ಬದುಕಿದ" ಎಂಬ ಮಾತನ್ನು ನಾವು ಕೇಳುತ್ತಲೇ ಇದ್ದೇವೆ. ತೊಂಬತ್ತು ಬದುಕಿದ ಅಜ್ಜನ ಕಥೆಯನ್ನು ಹೇಳಲು ಮೊಮ್ಮಕ್ಕಳಿರುತ್ತಾರೆ. ನಲವತ್ತೈದಕ್ಕೆ "ಗಾಳಿ ಬಡಿದು" ಸತ್ತ ಚಿಕ್ಕಜ್ಜನ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಅಜ್ಜ ದಿನವೂ ಗುಡ್ಡ ಹತ್ತಿ ಸೊಪ್ಪು ಹೊತ್ತವನು, ನಾವು ತೋಟಕ್ಕೂ ಬೈಕಿನಲ್ಲಿ ಹೋಗುವವರು ಎಂಬುದನ್ನೂ ಮರೆಯಬಾರದು.

ಸಂಘ ಮಾಡಬೇಕಾದದ್ದು

ಉಪದೇಶ ಕೊಟ್ಟು ಸುಮ್ಮನಾಗುವುದು ಸಹಕಾರದ ರೀತಿಯಲ್ಲ. ನಾಲ್ಕು ಸಲಹೆಗಳನ್ನು ಆಡಳಿತ ಮಂಡಳಿಯ ಮತ್ತು ಸದಸ್ಯರ ಮುಂದಿಡುತ್ತೇವೆ.

ಒಂದು, ಅಡಿಕೆ ವ್ಯಾಪಾರದ ದಿನ ಸಂಘದ ಅಂಗಳಕ್ಕೆ ನೂರಾರು ಸದಸ್ಯರು ಬರುತ್ತಾರೆ, ಟೆಂಡರು ಮುಗಿಯುವವರೆಗೆ ಕಾದು ಕುಳಿತಿರುತ್ತಾರೆ. ತಿಂಗಳಿಗೊಂದು ದಿನ ಆರೋಗ್ಯ ಕೇಂದ್ರದ ಸಿಬ್ಬಂದಿಯ ನೆರವಿನಿಂದ ಅಲ್ಲಿಯೇ ಒತ್ತಡ ಅಳೆಯುವ ಏರ್ಪಾಡಾಗಲಿ. ಪಾಸ್‌ಬುಕ್ಕಿನಂತೆ ಒಂದು ಚೀಟಿಯಲ್ಲಿ ಅಂಕಿಯನ್ನು ಬರೆದುಕೊಡಲಿ.

ಎರಡು, ಅಂಗಳಕ್ಕೆ ಬರುವವರಲ್ಲಿ ಹೆಚ್ಚಿನವರು ಗಂಡಸರು. ಮನೆಯ ಹೆಂಗಸರ ಒತ್ತಡವನ್ನು ಹೆರಿಗೆಯ ಕಾಲ ಬಿಟ್ಟರೆ ಯಾರೂ ಅಳೆದಿರುವುದಿಲ್ಲ. ಉಪ್ಪಿನ ಡಬ್ಬ ಯಾರ ಕೈಯಲ್ಲಿದೆಯೋ ಅವರಿಗೆ ಈ ವಿಷಯ ತಿಳಿಸದೆ ಗಂಡಸರಿಗೆ ಭಾಷಣ ಮಾಡಿ ಫಲವಿಲ್ಲ. ಮಹಿಳಾ ಸ್ವಸಹಾಯ ಗುಂಪುಗಳ ಸಭೆಗಳಲ್ಲಿಯೂ ಇದು ನಡೆಯಲಿ.

ಮೂರು, ನಮ್ಮ ತೋಟದ ಕಾರ್ಮಿಕರು. ಗಂಜಿಗೆ ಉಪ್ಪಿನಕಾಯಿ, ಒಣಮೀನು ನೆಂಚಿಕೊಳ್ಳುವುದು ಅವರ ಇಷ್ಟಕ್ಕಿಂತ ಹೆಚ್ಚಾಗಿ ಅವರ ಅನಿವಾರ್ಯ. ಲೈನಿನ ಪಕ್ಕದಲ್ಲಿ ತರಕಾರಿ ಬೆಳೆಯಲು ನಾಲ್ಕು ಗಜ ಜಾಗ, ವಾರಕ್ಕೊಂದು ಬಾಳೆಗೊನೆ ಕೊಡಲು ನಮ್ಮಿಂದ ಆಗದೇ? ಕೊನೆ ಇಳಿಸುವವನಿಗೆ ಮರದ ತುದಿಯಲ್ಲಿ ಕಣ್ಣು ಕತ್ತಲಿಟ್ಟರೆ ಏನಾಗುತ್ತದೆಂದು ಯೋಚಿಸಿರಿ. ಮರ ಹತ್ತಿಸುವ ಮೊದಲು ಅವನ ಒತ್ತಡ ಅಳೆಸುವುದು ನಮ್ಮ ಕರ್ತವ್ಯ.

ನಾಲ್ಕು, ಸಂಘದ ವಾರ್ಷಿಕ ಮಹಾಸಭೆಯ ಊಟ. ಎಲೆಯ ತುದಿಗೆ ಮೊದಲು ಉಪ್ಪು, ಅದರ ಪಕ್ಕ ಉಪ್ಪಿನಕಾಯಿ ಬಡಿಸುವುದು ನಮ್ಮ ಸಂಪ್ರದಾಯ. ಈ ವರ್ಷದಿಂದ ಅವೆರಡನ್ನೂ ಕೇಳಿದವರಿಗೆ ಮಾತ್ರ ಬಡಿಸೋಣ. ಹಪ್ಪಳದ ಬದಲು ಒಂದು ಕೋಸಂಬರಿ, ಕೊನೆಗೊಂದು ಬಾಳೆಹಣ್ಣು ಇರಲಿ. ಕೆಲವರು ಗೊಣಗಬಹುದು. ಗೊಣಗುವವರ ಸಾಲಿನಲ್ಲಿ ನಮ್ಮಲ್ಲೇ ಒಬ್ಬಿಬ್ಬರು ಇದ್ದಾರೆಂಬುದನ್ನೂ ಒಪ್ಪಿಕೊಳ್ಳುತ್ತೇವೆ. ಆದರೂ ಸಂಘವೇ ಮೊದಲು ಮಾಡಿ ತೋರಿಸದೆ ಮನೆಮನೆಯಲ್ಲಿ ಆಗಲಿ ಎಂದು ಹೇಳುವುದು ಸಲ್ಲದು.

ಬರುವ ಮಹಾಸಭೆಯಲ್ಲಿ ಈ ನಾಲ್ಕು ವಿಷಯಗಳ ಮೇಲೆ ಸದಸ್ಯರು ಮನಬಿಚ್ಚಿ ಮಾತಾಡಬೇಕೆಂದು ಕೋರುತ್ತೇವೆ. ಅಷ್ಟರೊಳಗೆ ಪ್ರತಿಯೊಬ್ಬರೂ ಎರಡು ಕೆಲಸ ಮಾಡಿ ಬನ್ನಿ. ಉಪ್ಪಿನ ಪೊಟ್ಟಣದ ಮೇಲೆ ತಾರೀಖು ಬರೆಯಿರಿ. ಒಮ್ಮೆ ತೋಳಿಗೆ ಪಟ್ಟಿ ಕಟ್ಟಿಸಿಕೊಂಡು, ಬಂದ ಅಂಕಿಯನ್ನು ತೋಟದ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ. ಜಗಲಿಯಲ್ಲಿ ಕೋಲು ಹಿಡಿದು ಕುಳಿತಿರುವ ನಮ್ಮ ಆ ಸದಸ್ಯರನ್ನು ನೋಡಲು ಹೋದಾಗ ಅವರು ತೊದಲುತ್ತ ಹೇಳಿದ್ದೂ ಇಷ್ಟೆ: "ಎಲ್ಲರಿಗೂ ಒಂದು ಸಲ ಅಳೆಸಿಕೊಳ್ಳಲು ಹೇಳಿ." ಅವರ ಆ ಮಾತನ್ನು ಸದಸ್ಯರೆಲ್ಲರಿಗೂ ತಲುಪಿಸಿದ್ದೇವೆ.